ಎಲ್ಲಾ ತಾನ ಮಾಡಾಕಿ ನಾಯಕಿ ಹೆಂಗ ಆದಾಳು?



ನಮ್ಮ ಕಡೆ ಒಬ್ಬಾಕಿನ್ನ ಹೊಗಳಬೇಕಂದ್ರ ಒಂದು ಮಾತು ಭಾಳ ಬಳಸ್ತೀವಿ. “ಆಕಿ ಇಲ್ಲಂದ್ರ ಅಲ್ಲೆ ಒಂದು ಕಡ್ಡಿ ಸುದ್ದಾ ಅಲುಗಾಡಂಗಿಲ್ಲ ನೋಡ್ರಿ.” ಸೊಸಿ ಇರಲಿ, ಅತ್ತಿ ಇರಲಿ, ಸಂಘದ ಪ್ರತಿನಿಧಿ ಇರಲಿ, ಆಫೀಸಿನ ಮ್ಯಾಡಮ್ ಇರಲಿ, ಈ ಮಾತು ಕೇಳಿದ ಕೂಡಲೆ ಆಕಿಗೂ ಖುಷಿ, ಹೇಳಿದವರಿಗೂ ಸಮಾಧಾನ. ಆದ್ರ ಅದನ್ನ ಸ್ವಲ್ಪ ತಿರುವಿ ಹಾಕಿ ನೋಡ್ರಿ. ಒಬ್ಬಾಕಿ ಇಲ್ಲಂದ್ರ ಕಡ್ಡಿ ಅಲುಗಾಡದ ಮನಿ ಅಂದ್ರ, ಉಳಿದವರ ಕೈಗೆ ಕೆಲಸ ಬಂದಿಲ್ಲ ಅಂತ ಅರ್ಥ. ಆಕಿಗೆ ಜ್ವರ ಬಂದ ದಿನ ಆ ಮನಿಗೆಲ್ಲಾ ಉಪವಾಸ. ಹಂಗಂದ ಮ್ಯಾಲೆ ಅದು ಆಕಿಯ ಹೊಗಳಿಕಿನೋ, ಇಡೀ ಗುಂಪಿನ ಮ್ಯಾಲಿನ ದೂರೋ? ನನ್ನ ಮಟ್ಟಿಗೆ ಅದು ದೂರು. ಇವತ್ತ ಹೇಳಲಿಕ್ಕೆ ಹೊಂಟಿದ್ದೂ ಅದನ್ನ. ಎಲ್ಲಾ ಕೆಲಸ ತಾನ ಹೊತ್ತುಕೊಂಡಾಕಿಯಿಂದ ಗುಂಪು ಗಟ್ಟಿ ಆಗಂಗಿಲ್ಲ. ಮಂದಿಗೆ ಕಲಿಸಿ, ಒಂದು ಹೆಜ್ಜಿ ಹಿಂದ ಸರಿಯಾಕಿಯಿಂದ ಆಗ್ತದ.

ಈ ವಿಚಾರಾನ ಈಗ ದೊಡ್ಡ ಕಂಪನಿಗಳೊಳಗ ರೊಕ್ಕ ಕೊಟ್ಟು ಕಲೀಲಿಕ್ಕತ್ತಾರ. ಅದಕ್ಕ ಲೀಡರ್‌ಶಿಪ್ ಕೋಚಿಂಗ್ ಅಂತ ಹೆಸರು. ನನ್ನ ತಂಗಿ ಮಗಳು ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸದಾಗ ಇದ್ದಾಳ. ಭಾಳ ಶಾಣ್ಯಾ ಹುಡುಗಿ, ಅದಕ್ಕ ಆಕಿನ್ನ ಎಂಟು ಮಂದಿಗೆ ಟೀಮ್ ಲೀಡ್ ಮಾಡಿದ್ರು. ಆರು ತಿಂಗಳಾಗೂದ್ರೊಳಗ ಸೊರಗಿ ಹೋದ್ಲು. ಫೋನ್ ಹಚ್ಚಿದಾಗೊಮ್ಮೆ, “ಮೌಶಿ, ರಾತ್ರಿ ಹನ್ನೆರಡಾದ್ರೂ ಅವರ ಕೆಲಸ ನಾನ ತಿದ್ದಬೇಕು. ಹೇಳಿಕೊಡೂದಕ್ಕಿಂತ ನಾ ಮಾಡೂದ ಲಗೂ ಆಗ್ತದ” ಅಂತಿದ್ಲು. ಆಮ್ಯಾಲೆ ಆಫೀಸಿನವರ ಒಬ್ಬರು ಕೋಚ್ ಬಾಯಿಯವರನ್ನ ಗೊತ್ತು ಮಾಡಿಕೊಟ್ರು. ಹದಿನೈದು ದಿನಕ್ಕೊಮ್ಮೆ ಒಂದು ತಾಸು ಮಾತು. ಮೊದಲನೇ ದಿನ ಅವರು ಕೇಳಿದ್ದು ಒಂದ ಪ್ರಶ್ನಿ ಅಂತ: “ನೀವು ಒಂದು ವಾರ ರಜಾ ಹಾಕಿದ್ರ ಯಾವ ಯಾವ ಕೆಲಸ ನಿಲ್ತಾವ?” ಹುಡುಗಿ ಪಟ್ಟಿ ಮಾಡಿದ್ಲು. ಹನ್ನೊಂದು ಕೆಲಸ ಬಂದ್ವು. “ಇದರಾಗ ಯಾವ ಎರಡು ಕೆಲಸ ಈ ತಿಂಗಳು ಬ್ಯಾರೆಯವರ ಕೈಗೆ ಕೊಡ್ತೀರಿ?” ಇಷ್ಟ. ಅವರು ಯಾವ ಉಪದೇಶಾನೂ ಮಾಡಲಿಲ್ಲ, ಉತ್ತರಾನೂ ಹೇಳಲಿಲ್ಲ.

ಇಷ್ಟಕ್ಕ ರೊಕ್ಕ ಯಾಕ ಕೊಡಬೇಕು ಅಂತ ನಿಮಗ ಅನಸಬಹುದು. ಖರೇ ಹೇಳ್ರಿ, ನಮ್ಮನ್ನ ಕೂಡಿಸಿಕೊಂಡು ಇಂಥಾ ಪ್ರಶ್ನಿ ಕೇಳೂವರು ಮನ್ಯಾಗರೆ ಓಣಿಯಾಗರೆ ಯಾರರೆ ಅದಾರೇನು? ಸಲಹಾ ಕೊಡೂವರು ನೂರು ಮಂದಿ ಸಿಗ್ತಾರ. ಕೇಳಿ, ಉತ್ತರ ಬರೂತನಕ ಸುಮ್ನ ಕೂಡೂವರು ಸಿಗೂದು ಕಠಿಣ.

ಕೋಚ್ ಅನ್ನೂ ಶಬ್ದದ ಹುಟ್ಟೂ ಛಂದ ಅದ. ಹಂಗೇರಿ ದೇಶದಾಗ ಕೊಚ್ ಅಂತ ಒಂದು ಊರು. ಅಲ್ಲೆ ಮಾಡ್ತಿದ್ದ ಕುದರಿ ಗಾಡಿಗೆ ಆ ಊರಿನ ಹೆಸರ ಬಿತ್ತು. ನಮ್ಮ ರೈಲಿನ ಕೋಚ್ ಸುದ್ದಾ ಅದ ಶಬ್ದ. 1830ರ ಹೊತ್ತಿಗೆ ಆಕ್ಸ್‌ಫರ್ಡಿನ ಹುಡುಗರು, ತಮ್ಮನ್ನ ಪರೀಕ್ಷಾ ದಾಟಿಸೂ ಖಾಸಗಿ ಮಾಸ್ತರಿಗೆ ಚ್ಯಾಷ್ಟಿಗೆ ಕೋಚ್ ಅನ್ನಲಿಕ್ಕೆ ಹತ್ತಿದ್ರು. ಆಟದ ಕೋಚ್ ಬಂದದ್ದು ಆಮ್ಯಾಲೆ, ಆಫೀಸಿನ ಕೋಚ್ ಇನ್ನೂ ಆಮ್ಯಾಲೆ. ಗಾಡಿ ನಮ್ಮನ್ನ ಊರು ಮುಟ್ಟಸ್ತದ, ಆದ್ರ ನಮ್ಮ ಜೋಡಿ ಇಳದು ಮನಿಯೊಳಗ ಬರಂಗಿಲ್ಲ. ಅಲ್ಲಿಂದ ಮುಂದ ನಡಿಯೂದು ನಮ್ಮ ಕಾಲು. ಕ್ರಿಕೆಟ್ಟಿನ ಕೋಚ್‌ನ್ನ ನೋಡೀರಲ್ಲ, ಆಟ ಎಷ್ಟ ಕೆಟ್ಟರೂ ತಾ ಬ್ಯಾಟ್ ಹಿಡಕೊಂಡು ಒಳಗ ಓಡಿ ಬರಂಗಿಲ್ಲ.

1974ರಾಗ ಅಮೆರಿಕಾದ ಟಿಮತಿ ಗಾಲ್ವೆ ಅನ್ನೂ ಟೆನಿಸ್ ಮಾಸ್ತರು ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಅಂತ ಒಂದು ಪುಸ್ತಕ ಬರದ್ರು. ಕೈ ಹಿಂಗ ಹಿಡಿ, ಕಾಲು ಹಂಗ ಇಡು ಅಂತ ಒಂದಸವನ ಹೇಳೂದು ಬಿಟ್ಟು, ಚೆಂಡು ನೆಲಕ್ಕ ಬಡದಾಗ ‘ಪುಟೀತು’ ಅನ್ನು, ಬ್ಯಾಟಿಗೆ ತಾಗಿದಾಗ ‘ಹೊಡೀತು’ ಅನ್ನು ಅಂತ ಕಲಿಯೂವರಿಗೆ ಹಚ್ಚಿದ್ರು. ಲಕ್ಷ್ಯ ಚೆಂಡಿನ ಮ್ಯಾಲೆ ನಿಂತರ ಕೈ ತಾನ ಕಲೀತದ ಅನ್ನೂದು ಅವರ ವಿಚಾರ. ಅದನ್ನ ಆಫೀಸಿಗೆ ತಂದವರೊಳಗ ಇಂಗ್ಲೆಂಡಿನ ಜಾನ್ ವಿಟ್‌ಮೋರ್ ದೊಡ್ಡ ಹೆಸರು. ಅವರ ‘ಕೋಚಿಂಗ್ ಫಾರ್ ಪರ್ಫಾರ್ಮನ್ಸ್’ ಅನ್ನೂ ಪುಸ್ತಕ 1992ರಾಗ ಬಂತು. ಅದರಾಗ ನಾಲ್ಕು ಮೆಟ್ಟಲಿನ ಪ್ರಶ್ನಿ ಅವ. ನಮ್ಮ ಮಾತಿನಾಗ ಹೇಳಬೇಕಂದ್ರ ಹಿಂಗ: ಏನು ಆಗಬೇಕಾಗ್ಯದ? ಈಗ ಏನು ಪರಿಸ್ಥಿತಿ ಅದ? ಏನೇನು ಮಾಡಬಹುದು? ಅದರಾಗ ನೀ ಯಾವುದು ಮಾಡ್ತಿ, ಯಾವಾಗ ಮಾಡ್ತಿ?

ಅಡಗಿಮನಿಯೊಳಗ ಇಟ್ಟು ನೋಡ್ರಿ. ಹೊಸದಾಗಿ ಕಲಿಯೂ ಹುಡುಗಿ ಚಪಾತಿ ಮಾಡ್ಯಾಳ, ಗಟ್ಟಿ ಆಗ್ಯಾವ. “ಸರಿ ಆ ಕಡೆ, ನಾ ಮಾಡ್ತೀನಿ” ಅಂದ್ರ ಅವತ್ತಿನ ಊಟ ಛಲೋ ಆಗ್ತದ. “ಹಿಟ್ಟು ನಾದಿ ಎಷ್ಟು ಹೊತ್ತು ಬಿಟ್ಟಿದ್ದಿ? ಹಂಚು ಎಷ್ಟು ಕಾದಿತ್ತು?” ಅಂತ ಕೇಳಿದ್ರ ಅವತ್ತಿನ ಊಟ ಗಟ್ಟಿನ ಇರ್ತದ, ಆದ್ರ ಮುಂದಿನ ವಾರ ಆಕಿ ಚಪಾತಿ ಉಬ್ಬತಾವ. ನಾಯಕಿ ಆದಾಕಿಗೆ ಈ ಒಂದು ವಾರದ ಗಟ್ಟಿ ಚಪಾತಿ ತಿನ್ನೂ ತಾಳ್ಮಿ ಬೇಕು.

ಈಗ ನಮ್ಮ ಓಣಿಯ ಮಾತು. ನಮ್ಮದು ಹದಿನಾಲ್ಕು ಮಂದಿ ಹೆಣ್ಮಕ್ಕಳ ಉಳಿತಾಯ ಸಂಘ. ಹನ್ನೊಂದು ವರ್ಷದಿಂದ ಒಬ್ಬರ ವೈನಿ ಎಲ್ಲಾ ನೋಡಿಕೋತಾರ. ಅವರ ನಿಯತ್ತಿನ ಬಗ್ಗೆ ಒಂದು ಮಾತಿಲ್ಲ, ಒಂದು ರೂಪಾಯಿ ಆಚೀಚೆ ಆಗಿಲ್ಲ. ವಹಿ ಅವರ ಮನ್ಯಾಗ, ಪಾಸಬುಕ್ ಅವರ ಕಪಾಟಿನ್ಯಾಗ, ಠರಾವು ಬರಿಯೂದು ಅವರ, ಬ್ಯಾಂಕಿನ ಸಾಹೇಬರ ಜೋಡಿ ಮಾತಾಡೂದು ಅವರ. ಉಳಿದ ಹದಿಮೂರು ಮಂದಿ ರೊಕ್ಕ ಕೊಡೂದು, ಸಹಿ ಮಾಡೂದು, ಚಹಾ ಕುಡಿಯೂದು. ಹೋದ ವರ್ಷ ಅವರು ಮಗಳ ಬಾಣಂತನಕ್ಕ ಪುಣೆಕ್ಕ ಹೋದ್ರು, ಮೂರು ತಿಂಗಳು. ಅದ ಹೊತ್ತಿನ್ಯಾಗ ನಮ್ಮೊಳಗ ಒಬ್ಬಾಕಿಗೆ ಮಗನ ಕಾಲೇಜು ಫೀ ಕಟ್ಟಬೇಕಾಗಿತ್ತು. ಸಂಘದ ಖಾತೆಯೊಳಗ ರೊಕ್ಕ ಇತ್ತು, ಅರ್ಜಿ ಬರಿಯೂದು ಹೆಂಗ, ಯಾರ ಸಾಲ ಎಷ್ಟು ಉಳದದ ಅನ್ನೂದು ಯಾರಿಗೂ ಗೊತ್ತಿರಲಿಲ್ಲ. ಎರಡನೇ ಸಹಿ ಮಾಡಬೇಕಾದಾಕಿಗೆ ಖಾತೆ ಯಾವ ಶಾಖಾದಾಗ ಅದ ಅನ್ನೂದ ನೆನಪಿರಲಿಲ್ಲ. ಕಡೀಕೆ ಆ ತಾಯಿ ಕೈಯಾಗಿನ ಬಳಿ ಅಡವಿಟ್ಟು ಬಡ್ಡಿಗೆ ರೊಕ್ಕ ತಂದ್ಲು. ಸ್ವಂತ ಉಳಿಸಿದ ರೊಕ್ಕ ಬ್ಯಾಂಕಿನ್ಯಾಗ ಇದ್ದು ಹೊರಗ ಬಡ್ಡಿ ಕಟ್ಟೂ ಹಣೇಬರ! ಇದರಾಗ ವೈನೀದು ಏನೂ ತಪ್ಪಿಲ್ಲ, ಅವರು ಯಾರಿಗೂ ಬ್ಯಾಡ ಅಂದವರಲ್ಲ. ಎಲ್ಲಾರಿಗೂ ಅದ ಸಲೀಸು ಆಗಿತ್ತು, ಅಷ್ಟ.

ಇಂಥಾ ಸಂಘಗಳು ಹುಟ್ಟಿದ್ದ ಈ ರೋಗಕ್ಕ ಔಷಧ ಆಗಿ ಅನ್ನೂದು ಭಾಳ ಮಂದಿಗೆ ಗೊತ್ತಿಲ್ಲ. 1980ರ ದಶಕದಾಗ ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಗಳೊಳಗ ಕೆಲಸ ಮಾಡೂ ಮುಂದ, ದೊಡ್ಡ ದೊಡ್ಡ ಸಹಕಾರಿ ಸಂಘಗಳು ಮುಖಂಡರ ಮ್ಯಾಲಿನ ನಂಬಿಕಿ ಕಳಕೊಂಡು ಒಡೀಲಿಕ್ಕತ್ತಿದ್ದನ್ನ ನೋಡಿದ್ರು. ಹಂಗ ಒಡದ ಮಂದಿ, ಒಬ್ಬರನ್ನೊಬ್ಬರು ನಂಬೂವರು ಹತ್ತು–ಇಪ್ಪತ್ತು ಜನ ಕೂಡಿ ಸಣ್ಣ ಗುಂಪು ಮಾಡಿಕೊಂಡ್ರು. 1987ರಾಗ ನಬಾರ್ಡ್ ಬ್ಯಾಂಕು ಈ ಗುಂಪುಗಳ ತರಬೇತಿಗೆ ಅಂತ ಮೈರಾಡಕ್ಕ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಾಗ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೂ ಪ್ರಯೋಗ ಸುರು ಆತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನಾ ಬಂದದ್ದು 2000–01ರಾಗ. ಸ್ತ್ರೀಶಕ್ತಿ ಗುಂಪಿನ್ಯಾಗ ‘ಪ್ರತಿನಿಧಿ’ ಅಂತಾರ ನೋಡ್ರಿ, ಆ ಶಬ್ದದ ಮ್ಯಾಲೆ ಲಕ್ಷ್ಯ ಕೊಡ್ರಿ. ಪ್ರತಿನಿಧಿ ಅಂದ್ರ ಉಳಿದವರ ಪರವಾಗಿ ಹೋಗಿ ಬರಾಕಿ, ಖಾಯಂ ಗಾದಿ ಮ್ಯಾಲೆ ಕೂಡಾಕಿ ಅಲ್ಲ. ಸಂಘಗಳಿಗೆ ಹೇಳಿಕೊಡೂ ಪಂಚಸೂತ್ರ ಅಂತ ಅದಾವ: ತಪ್ಪದ ಸಭಾ, ತಪ್ಪದ ಉಳಿತಾಯ, ಒಳಗೊಳಗ ಸಾಲದ ವ್ಯವಹಾರ, ಹೊತ್ತಿಗೆ ಸರಿಯಾಗಿ ಮರುಪಾವತಿ, ಸರಿಯಾದ ಲೆಕ್ಕಪತ್ರ. ಐದರಾಗ ಒಂದೂ ಸೂತ್ರ ಒಬ್ಬಾಕಿನ ಮಾಡಿ ಮುಗಿಸೂವಂಥಾದ್ದಲ್ಲ.

ಹಪ್ಪಳದ ಕಥಿ ಹೇಳಿದ್ರ ನಿಮಗ ಇನ್ನೂ ಛಂದ ತಿಳೀತದ. ಲಿಜ್ಜತ್ ಹಪ್ಪಳ ಯಾರ ಮನ್ಯಾಗ ಬಂದಿಲ್ಲ? 1959ರ ಮಾರ್ಚ್ 15ಕ್ಕ ಮುಂಬಯಿಯ ಗಿರಗಾಂವದಾಗ ಏಳು ಮಂದಿ ಗುಜರಾತಿ ಹೆಣ್ಮಕ್ಕಳು, ಸಾಲ ತಂದ 80 ರೂಪಾಯಿ ಹಿಡಕೊಂಡು, ಮಾಳಿಗಿ ಮ್ಯಾಲೆ ಕೂತು ಹಪ್ಪಳ ಲಟ್ಟಿಸಿದ್ರು. ಅವತ್ತ ಆಗಿದ್ದು ನಾಲ್ಕು ಪಾಕೀಟು. ಆ ಏಳು ಮಂದಿಯೊಳಗ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಾಗ ಪದ್ಮಶ್ರೀ ಬಂತು. ಇವರಿಗೂ ಒಬ್ಬರು ಕೋಚ್ ಇದ್ರು. ಆಗ ಆ ಶಬ್ದ ಬಳಸ್ತಿರಲಿಲ್ಲ, ಅಷ್ಟ. ಛಗನಲಾಲ ಪಾರೇಖ ಅಂತ ಸಮಾಜಸೇವಕರು, ಎಲ್ಲಾರೂ ಛಗನಬಾಪಾ ಅಂತಿದ್ರು. ಹೆಣ್ಮಕ್ಕಳು ಮೊದಲು ಎರಡು ಥರದ ಹಪ್ಪಳ ಮಾಡ್ತಿದ್ರು, ಒಂದು ಛಲೋದು, ಒಂದು ಸೋವಿದು. ಛಲೋದಷ್ಟ ಮಾಡ್ರಿ, ಗುಣಮಟ್ಟ ಬಿಡಬ್ಯಾಡ್ರಿ, ಇದನ್ನ ವ್ಯಾಪಾರ ಅಂತ ನಡಸ್ರಿ, ಲೆಕ್ಕ ಸರಿಯಾಗಿ ಇಡ್ರಿ, ನಷ್ಟ ಆದ್ರೂ ದಾನ ಬೇಡಬ್ಯಾಡ್ರಿ ಅಂತ ಅವರು ಹೇಳಿಕೊಟ್ರು. ಹಂಗಂತ ವ್ಯಾಪಾರ ತಮ್ಮ ಹೆಸರಿಗೆ ಮಾಡಿಕೊಳ್ಳಲಿಲ್ಲ, ಅದು ಹೆಣ್ಮಕ್ಕಳ ಕೈಯಾಗ ಉಳೀತು.

ಮೊದಲನೇ ವರ್ಷ ಮಳಿಗಾಲದಾಗ ಹಪ್ಪಳ ಒಣಗದ ನಾಲ್ಕು ತಿಂಗಳು ಕೆಲಸ ಬಂದ್ ಆತು. ಮರುವರ್ಷ ಅವರು ಒಂದು ಹೊರಸು, ಒಂದು ಸ್ಟೋವ್ ಕೊಂಡ್ರು. ಹೊರಸಿನ ಮ್ಯಾಲೆ ಹಪ್ಪಳ, ಕೆಳಗ ಸ್ಟೋವ್. ಮಳಿ ಬಂದ್ರೂ ಕೆಲಸ ನಿಲ್ಲಲಿಲ್ಲ. ನಾವು ಸಂಡಿಗಿ ಹಪ್ಪಳ ಮಾಡೂ ಹೆಣ್ಮಕ್ಕಳು, ಈ ಬುದ್ಧಿಯ ಬೆಲಿ ನಮಗ ತಿಳೀತದ. ಮುಂದ ಅದು ಸಾವಿರ ಸಾವಿರ ಹೆಣ್ಮಕ್ಕಳ ಸಂಸ್ಥಾ ಆತು. ಅಲ್ಲೆ ಹಪ್ಪಳ ಲಟ್ಟಸೂ ಪ್ರತಿಯೊಬ್ಬಾಕಿನೂ ಮಾಲಕಿ, ಲಾಭ ನಷ್ಟ ಎರಡರಾಗೂ ಪಾಲು, ಎಲ್ಲಾರಿಗೂ ‘ಬೆನ್’ ಅಂದ್ರ ಅಕ್ಕ ಅನ್ನೂದು. ಶಾಖಾ ನಡಸೂ ಸಂಚಾಲಕಿಯನ್ನ ಸುದ್ದಾ ಅವರೊಳಗಿಂದನ ಆರಸ್ತಾರ. ಲಟ್ಟಣಿಗಿ ಹಿಡದ ಕೈಗೆ ಲೆಕ್ಕ ಬರಿಯೂದು ಬರಂಗಿಲ್ಲ ಅಂತ ಅಲ್ಲೆ ಯಾರೂ ತೀರ್ಮಾನ ಮಾಡಲಿಲ್ಲ. ಏಳು ಮಂದಿಯೊಳಗ ಒಬ್ಬಾಕಿನ ಎಲ್ಲಾ ಹಿಡಕೊಂಡು ಕೂತಿದ್ರ, ಹಪ್ಪಳ ಗಿರಗಾಂವ ದಾಟಿ ನಮ್ಮ ಊರಿನ ಕಿರಾಣಿ ಅಂಗಡಿಗೆ ಬರ್ತಿತ್ತೇನು?

ಗುಂಪು ಗಟ್ಟಿ ಆಗಲಿಕ್ಕೆ ಇನ್ನೊಂದು ಬೇಕು, ಅದು ಕೆಲಸ ಹಂಚೂದಕ್ಕಿಂತಾನೂ ಕಠಿಣ. ತಪ್ಪಾತು ಅಂತ ಹೇಳಲಿಕ್ಕೆ ಅಂಜಿಕಿ ಇರಬಾರದು. ಅಮೆರಿಕಾದ ಏಮಿ ಎಡ್ಮಂಡ್ಸನ್ ಅನ್ನೂ ಪ್ರಾಧ್ಯಾಪಕಿ ಆಸ್ಪತ್ರೆಗಳೊಳಗ ಔಷಧ ಕೊಡೂದ್ರಾಗ ಆಗೂ ತಪ್ಪಿನ ಬಗ್ಗೆ ಅಭ್ಯಾಸ ಮಾಡಿದ್ರು. ಛಲೋ ಹೊಂದಿಕೊಂಡು ಹೋಗೂ ವಾರ್ಡಿನ್ಯಾಗ ತಪ್ಪು ಕಡಿಮಿ ಇರ್ತಾವ ಅಂತ ಅವರ ಲೆಕ್ಕ. ನೋಡಿದ್ರ ಉಲ್ಟಾ, ಅಲ್ಲೇ ತಪ್ಪಿನ ದಾಖಲಾ ಹೆಚ್ಚು! ಯಾಕಂದ್ರ ಅಲ್ಲಿಯ ನರ್ಸ್‌ಗಳು ಬೈಸಿಕೊಳ್ಳೂ ಹೆದರಿಕಿ ಇಲ್ಲದ ತಪ್ಪು ಹೇಳ್ತಿದ್ರು. ಉಳಿದ ಕಡೆ ಮುಚ್ಚಿಡ್ತಿದ್ರು. 1996ರಾಗ ಅದು ಪ್ರಕಟ ಆತು, 1999ರಾಗ ಇನ್ನೊಂದು ಅಭ್ಯಾಸದಾಗ ಅವರು ಇದಕ್ಕ ಗುಂಪಿನ ‘ಮಾನಸಿಕ ಸುರಕ್ಷತೆ’ ಅಂತ ಅಂದ್ರು. ಆಮ್ಯಾಲೆ ಗೂಗಲ್ ಕಂಪನಿ ತನ್ನ 180ಕ್ಕಿಂತ ಹೆಚ್ಚು ತಂಡಗಳನ್ನ ನೋಡಿ, ಯಾರು ಎಷ್ಟು ಶಾಣ್ಯಾ ಅನ್ನೂದಕ್ಕಿಂತ ಒಬ್ಬರ ಮುಂದ ಒಬ್ಬರು ಅಂಜದ ಮಾತಾಡ್ತಾರೋ ಇಲ್ಲೋ ಅನ್ನೂದ ಮುಖ್ಯ ಅಂತ ಕಂಡುಕೊಂಡಿತು.

ನಮ್ಮ ವಹಿಗೂ ಇದ ಮಾತು. ಹೊಸದಾಗಿ ಲೆಕ್ಕ ಬರದಾಕಿ ಇನ್ನೂರು ರೂಪಾಯಿ ತಪ್ಪು ಕೂಡಿಸಿದ್ಲು ಅಂತ ತಿಳೀರಿ. ಎಲ್ಲಾರ ಮುಂದ “ಇಷ್ಟೂ ಬರಂಗಿಲ್ಲೇನ?” ಅಂದ್ರ, ಮುಂದಿನ ಸಲ ಆಕಿ ತನ್ನ ಕೈಯಿಂದ ಇನ್ನೂರು ಹಾಕಿ ಮುಚ್ಚತಾಳ, ಇಲ್ಲಂದ್ರ ವಹಿನ ಮುಟ್ಟಂಗಿಲ್ಲ. “ಬರ್ರಿ, ಇಬ್ಬರೂ ಕೂಡಿ ಮ್ಯಾಲಿಂದ ಕೂಡಿಸೋಣು” ಅಂದ್ರ ತಪ್ಪೂ ಸಿಗ್ತದ, ಇನ್ನೊಬ್ಬ ಲೆಕ್ಕಗಾರ್ತಿನೂ ಸಿಗ್ತಾಳ.

“ರೊಕ್ಕದ ಕೆಲಸ ಅದ, ಕಲಿಯೂವರ ಕೈಗೆ ಹೆಂಗ ಕೊಡೂದು?” ಅಂತ ಕೆಲವರು ಕೇಳ್ತಾರ. ರಾಸ್ತ ಪ್ರಶ್ನಿ. ಒಮ್ಮೆಲೆ ಕೊಡ್ರಿ ಅಂತ ನಾ ಹೇಳೂದಿಲ್ಲ. ಮೊದಲನೇ ತಿಂಗಳು ಹೊಸಾಕಿ ಬಾಜೂಕ ಕೂತು ನೋಡಲಿ. ಎರಡನೇ ತಿಂಗಳು ಹೊಸಾಕಿ ಬರೀಲಿ, ಹಳಬಾಕಿ ಬಾಜೂಕ ಕೂಡಲಿ. ಮೂರನೇ ತಿಂಗಳು ಹೊಸಾಕಿ ಬರದು ಸಭಾದಾಗ ಎಲ್ಲಾರಿಗೂ ಕೇಳೂ ಹಂಗ ಓದಲಿ. ಖರೇ ಅಂದ್ರ ರೊಕ್ಕದ ಕೆಲಸ ಅದ ಅಂತನ ಇಬ್ಬರು ಮೂವರಿಗೆ ಗೊತ್ತಿರಬೇಕು. ಒಬ್ಬರಿಗಷ್ಟ ಗೊತ್ತಿರೂ ಲೆಕ್ಕ ಎಂಥಾ ನಿಯತ್ತಿನಾಕಿಗೂ ಒಂದಿನ ಸಂಶಯ ತರ್ತದ. ನಾಲ್ಕು ಕಣ್ಣು ನೋಡಿದ ವಹಿ ಆಕಿ ಮಾನಾನೂ ಕಾಯ್ತದ.

“ಹಳೇ ಪ್ರತಿನಿಧಿಗೆ ಅವಮಾನ ಆಗ್ತದ” ಅನ್ನೂದು ಇನ್ನೊಂದು ಮಾತು. ಕೈಯಿಂದ ವಹಿ ಕಸಗೊಂಡ್ರ ಅವಮಾನ. ಕಲಿಸಿಕೊಡ್ರಿ ಅಂತ ಕೇಳಿದ್ರ ಮರ್ಯಾದಿ. ಹನ್ನೊಂದು ವರ್ಷದ ಅನುಭವ ಇದ್ದಾಕಿಕಿಂತ ಛಲೋ ಕೋಚ್ ಯಾವ ಬೆಂಗಳೂರಿನಿಂದ ಬರಬೇಕು? ನಮ್ಮ ವೈನಿ ಪುಣೆದಿಂದ ಬಂದ ಮ್ಯಾಲೆ, “ಯಾರರೆ ಕಲಕೋರೆವಾ, ನನಗೂ ಮೊಣಕಾಲು ನೋಯ್ತಾವ, ಬ್ಯಾಂಕಿನ ಮೆಟ್ಟಲಾ ಹತ್ತಲಿಕ್ಕೆ ಆಗವಲ್ದು” ಅಂದ್ರು. ಕೇಳಿ ಎಲ್ಲಾರೂ ನೆಲಾ ನೋಡಿದ್ರು. ಹಿಂಗಾಗಿ ತಪ್ಪು ನಾಯಕಿಯರದಷ್ಟ ಅಲ್ಲ, “ನೀವ ಮಾಡ್ರಿ ವೈನಿ, ನಿಮ್ಮಂಗ ಯಾರಿಗೂ ಬರಂಗಿಲ್ಲ” ಅಂತ ಸಕ್ಕರಿ ಮಾತಾಡಿ ಜವಾಬ್ದಾರಿ ಜಾರಿಸಿಕೊಳ್ಳೂ ಉಳಿದವರದೂ ಅದ.

ಒಂದು ಎಚ್ಚರಿಕಿನೂ ಹೇಳಬೇಕು. ಕೋಚಿಂಗ್ ಎಲ್ಲಾ ರೋಗಕ್ಕೂ ಮದ್ದಲ್ಲ. ಆರು ಮಂದಿ ಮಾಡೂ ಕೆಲಸ ಮೂರು ಮಂದಿ ಮ್ಯಾಲೆ ಹೇರಿ, ಪಗಾರ ಹೆಚ್ಚಿಸದ, ರಜಾ ಕೊಡದ, “ನಿಮಗ ಮನೋಸ್ಥೈರ್ಯದ ತರಬೇತಿ ಕೊಡ್ತೀವಿ” ಅನ್ನೂ ಆಫೀಸುಗಳೂ ಅವ. ಅದು ಹಸದವರಿಗೆ ಅಡಗಿ ಪುಸ್ತಕ ಕೊಟ್ಟಂಗ. ತಂಗಿ ಮಗಳಿಗೆ ಕೋಚಿಂಗ್ ಉಪಯೋಗ ಆಗಿದ್ದು ಯಾಕಂದ್ರ, ಆಕಿ ಎಂಟು ಮಂದಿಗೆ ಹೇಳಿಕೊಡಲಿಕ್ಕೆ ವಾರದಾಗ ಅರ್ಧಾ ದಿನ ಬಿಡುವು ಬೇಕು ಅಂತ ಕೇಳಿದಾಗ ಆಫೀಸಿನವರು ಒಪ್ಪಿದ್ರು. ಕಲಸಲಿಕ್ಕೆ ಹೊತ್ತು ಕೊಡದ ಗುಂಪು ಗಟ್ಟಿ ಆಗಲಿ ಅಂದ್ರ ಹೆಂಗ ಆದೀತು? ಇದು ಸಂಘಕ್ಕೂ ಖರೇ, ಮನಿಗೂ ಖರೇ. ನಸೀಕಲೆ ಡಬ್ಬಿ ಕಟ್ಟೂ ಗಡಿಬಿಡಿಯೊಳಗ ಮಗನಿಗೆ ಪಲ್ಯಾ ಕಲಸಲಿಕ್ಕೆ ಆಗಂಗಿಲ್ಲ, ರವಿವಾರ ಬೇಕು.

ಹಂಗಾರ ನಾವು ಏನು ಮಾಡೂದು? ಇವತ್ತ ರಾತ್ರಿ ಒಂದು ಹಾಳಿ ತಗೊಂಡು, ನೀವು ಒಂದು ವಾರ ಊರಾಗ ಇಲ್ಲಂದ್ರ ಮನ್ಯಾಗ, ಸಂಘದಾಗ, ಕೆಲಸದ ಜಾಗಾದಾಗ ಏನೇನು ನಿಲ್ತದ ಅಂತ ಬರೀರಿ. ಗ್ಯಾಸ್ ಬುಕ್ ಮಾಡೂದು, ಮಾವನವರ ಬಿ.ಪಿ. ಗುಳಿಗಿ, ಲೈಟ್ ಬಿಲ್, ಸಂಘದ ವಹಿ, ಎಲ್ಲಾ ಬರೀರಿ. ಅದರಾಗ ಎರಡು ಕೆಲಸ ಈ ತಿಂಗಳು ಇನ್ನೊಬ್ಬರಿಗೆ ಕಲಸ್ರಿ. ಅವರು ಮಾಡೂ ಮುಂದ ನಡುವ ಬಾಯಿ ಹಾಕಬ್ಯಾಡ್ರಿ, ಇದ ಎಲ್ಲಾದಕ್ಕಿಂತ ಕಷ್ಟ.

ಇನ್ನ ಸಂಘದವರಿಗೆ. ವರ್ಷಕ್ಕೊಮ್ಮೆ ಪ್ರತಿನಿಧಿ ಆರಿಸೂ ಸಭಾ ಬರ್ತದ, ನಮ್ಮದೂ ಬರೂ ತಿಂಗಳು ಅದ. ‘ಅವರ ಮುಂದುವರೀಲಿ’ ಅಂತ ಕೈ ಎತ್ತೂಕಿಂತ ಮೊದಲ ಒಂದು ಪ್ರಶ್ನಿ ಕೇಳ್ರಿ: ಈ ವರ್ಷ ನಮ್ಮೊಳಗ ಎಷ್ಟು ಮಂದಿ ವಹಿ ಬರೀಲಿಕ್ಕೆ ಕಲತ್ರು? ಉತ್ತರ ‘ಯಾರೂ ಇಲ್ಲ’ ಅಂತ ಬಂದ್ರ, ಬ್ಯಾರೆ ಯಾರ ಮಾರಿನೂ ನೋಡದ, “ನಾ ಕಲೀತೀನಿ ವೈನಿ” ಅಂತ ಹೇಳ್ರಿ. ಅಕ್ಷರ ಸೊಟ್ಟ ಬಂದ್ರ ಬರಲಿ. ಬ್ಯಾಂಕಿನವರು ನೋಡೂದು ಲೆಕ್ಕ.

ನಿಮ್ಮ ಓಣಿಯೊಳಗ, ನಿಮ್ಮ ಆಫೀಸಿನ್ಯಾಗ ಹೆಂಗ ನಡದದ? ವಹಿ ಎಷ್ಟು ಕೈ ದಾಟ್ಯದ? ಬರದು ತಿಳಸ್ರಿ.